ಬಿಲ್ಲೆ ಬಚ್ಚಿಟ್ಟ ಜೀವಕೋಶ

ಎಲ್ಲರಿಗೂ ನಮಸ್ಕಾರ. ಹೊರಗೆ ಇಷ್ಟು ಮಳೆ, ಆದರೂ ಮಾಟುಂಗಾದವರು ಬಂದಿದ್ದೀರಿ. ಕಾಫಿ ಭಾಷಣ ಮುಗಿದ ಮೇಲೆ ಅಂತ ಕಾರ್ಯದರ್ಶಿಗಳು ಹೇಳಿದ್ದಾರೆ, ಹಾಗಾಗಿ ನನಗೂ ಧೈರ್ಯ.

ನಮ್ಮ ಮುಂಬೈ ಐಐಟಿ, ಟಾಟಾ ಮೆಮೋರಿಯಲ್ ಆಸ್ಪತ್ರೆ ಸೇರಿ ಮಾಡಿದ ಕಾರ್-ಟಿ ಚಿಕಿತ್ಸೆಗೆ, ಅಂದರೆ ರೋಗಿಯದೇ ರಕ್ಷಣಾ ಕೋಶಗಳನ್ನು ತಿದ್ದಿ ರಕ್ತದ ಕ್ಯಾನ್ಸರಿನ ಮೇಲೆ ಬಿಡುವ ಚಿಕಿತ್ಸೆಗೆ, 2023ರಲ್ಲಿ ಒಪ್ಪಿಗೆ ಸಿಕ್ಕಿತಲ್ಲ, ಅಂದಿನಿಂದ ಎಲ್ಲರ ಬಾಯಲ್ಲೂ ಸಿಡಿ19, ಆ ಚಿಕಿತ್ಸೆ ಗುರಿಯಿಡುವ, ಕ್ಯಾನ್ಸರ್ ಕೋಶದ ಮೈಮೇಲಿನ ಪ್ರೋಟೀನು. ಸಂತೋಷ. ನನ್ನ ತಕರಾರು ಒಂದೇ: ಇಲಿಯ ಹೆಸರು ಯಾರೂ ಎತ್ತುವುದಿಲ್ಲ.

ನಾನು ಲ್ಯಾಬ್ ಸೇರಿದಾಗ ದಾದರಿನ ಚಾಳಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದೆ. ಇಲಿಗಳನ್ನು ಸಾಕುತ್ತೇವೆ ಅಂದೆ. "ಮೋರಿಯಲ್ಲಿ ಬೇಕಾದಷ್ಟಿವೆ, ಸಾಕೋದು ಯಾಕೋ?" ಅಂದರು. ಅದು ಹೆಗ್ಗಣ, ನಮ್ಮದು ಸುಂಡಿಲಿ. ಅದೂ ಇಪ್ಪತ್ತು ತಲೆಮಾರು ಅಣ್ಣ-ತಂಗಿಯನ್ನೇ ಕೂಡಿಸಿ ಬೆಳೆಸಿದ ತಳಿ, ಎಲ್ಲವೂ ಅವಳಿಗಳ ಹಾಗೆ, ಅಂತ ವಿವರಿಸಿದೆ. ದೊಡ್ಡಮ್ಮ ಸಟ್ಟುಗ ಕೆಳಗಿಟ್ಟರು. "ಗೋತ್ರ ನೋಡಲ್ವಾ?" "ಒಂದೇ ಗೋತ್ರ ಆಗಲೇಬೇಕು ದೊಡ್ಡಮ್ಮ." ಅವತ್ತಿನಿಂದ ಸ್ನಾನ ಮಾಡದೆ ಅಡುಗೆಮನೆಗೆ ಪ್ರವೇಶವಿಲ್ಲ!

ಇರಲಿ. 1963ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳಾದ ಓಲ್ಡ್, ಬಾಯ್ಸ್, ಸ್ಟಾಕರ್ಟ್ ಇಂಥ ಇಲಿಗಳಲ್ಲೇ ಟಿಎಲ್ ಅನ್ನುವ ಪ್ರೋಟೀನನ್ನು ಗುರುತಿಸಿದರು. ಜೀವಕೋಶದ ಮೈಮೇಲಿನ ಬಿಲ್ಲೆ ಅನ್ನಿ. ಪರೀಕ್ಷೆ ಸರಳ. ಕೋಶಗಳಿಗೆ ಆ ಬಿಲ್ಲೆಗೇ ಅಂಟುವ ಪ್ರತಿಕಾಯ ಹಾಕಿ, ಅದು ಅಂಟಿದ ಕೋಶವನ್ನು ಕೊಲ್ಲುವ ಗಿನಿಪಿಗ್ ಸೀರಮ್ ಬೆರೆಸಿ, ಸತ್ತ ಕೋಶಕ್ಕಷ್ಟೇ ಹತ್ತುವ ಟ್ರೈಪಾನ್ ಬ್ಲೂ ಬಣ್ಣ ಬಿಡುವುದು. ಬಿಲ್ಲೆ ಇದ್ದ ಕೋಶ ಸತ್ತು ನೀಲಿಯಾಗುತ್ತದೆ, ಇಲ್ಲದ್ದು ಹೊಳೆಯುತ್ತಲೇ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೀಲಿ ಎಷ್ಟು, ಬಿಳಿ ಎಷ್ಟು ಅಂತ ಎಣಿಸಿ ಎಣಿಸಿ, ರಾತ್ರಿ ಕಣ್ಣು ಮುಚ್ಚಿದರೂ ಅವೇ.

ಈಗ ಮಜಾ ನೋಡಿ. ಎ ತಳಿಯ ಇಲಿಗೆ ಥೈಮಸ್ ಗ್ರಂಥಿಯಲ್ಲಿ ಟಿಎಲ್ ಇರುತ್ತದೆ. ಸಿ57 ಕಪ್ಪು ಇಲಿಗೆ ಇಲ್ಲ. ಆದರೆ ಆ ಕಪ್ಪಿಲಿಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಬಂದರೆ, ಎಷ್ಟೋ ಸಲ ಟಿಎಲ್ ಕಾಣಿಸಿಕೊಳ್ಳುತ್ತದೆ! ಎಲ್ಲಿಂದ ಬಂತು? ಜೀನ್ ಮೊದಲೇ ಇತ್ತು, 17ನೇ ಕ್ರೋಮೋಸೋಮಿನಲ್ಲಿ, ಅಂಗಾಂಶ ಹೊಂದಾಣಿಕೆ ತೀರ್ಮಾನಿಸುವ ಎಚ್-2 ಜೀನುಗಳ ನೆರೆಯಲ್ಲಿ, ಅಟ್ಟದ ಮೇಲಿನ ಪೆಟ್ಟಿಗೆಯ ಹಾಗೆ. ಕಾಣಲಿಲ್ಲ ಅಂದರೆ ಇಲ್ಲ ಅಂತಲ್ಲ. ಇದನ್ನು ಇನ್ನೊಮ್ಮೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮುಂದೆ, ಟಿಎಲ್ ವಿರುದ್ಧ ಪ್ರತಿಕಾಯ ತಯಾರಾಗಿರುವ ಇಲಿಗೆ ಟಿಎಲ್ ಇರುವ ಲ್ಯುಕೇಮಿಯಾ ಕೋಶ ಹಾಕಿದರು. ಆ ಕೋಶಗಳು ಸಾಯಬೇಕಿತ್ತು ಅಲ್ವಾ? ಸಾಯಲಿಲ್ಲ. ಬಿಲ್ಲೆ ತೆಗೆದಿಟ್ಟು ಆರಾಮಾಗಿ ಬೆಳೆದವು. ಅದೇ ಕೋಶಗಳನ್ನು ಪ್ರತಿಕಾಯ ಇಲ್ಲದ ಇಲಿಗೆ ಹಾಕಿದರೆ ಬಿಲ್ಲೆ ವಾಪಸ್. ನೋಡಿದಿರಾ, ಕಾಣಲಿಲ್ಲ ಅಂದರೆ ಇಲ್ಲ ಅಂತಲ್ಲ. ಇವತ್ತು ಕಾರ್-ಟಿ ಪಡೆದ ಕೆಲವರಲ್ಲಿ ಸಿಡಿ19 ಕಾಣದ ಕೋಶಗಳಾಗಿ ಕಾಯಿಲೆ ಮರಳುತ್ತದೆ. ಅಲ್ಲಿ ದಾರಿ ಬೇರೆ, ಜೀನೇ ಕೆಟ್ಟಿರುವುದೂ ಉಂಟು. ಆದರೆ ತಪ್ಪಿಸಿಕೊಳ್ಳುವ ಬುದ್ಧಿಯನ್ನು ಮೊದಲು ತೋರಿಸಿದ್ದು ಇಲಿ.

ಚೀಟಿ ಬಂತು, ಐದೇ ನಿಮಿಷವಂತೆ. ಮೆದುಳಿನಲ್ಲೂ ಸಿಗುವ ಇನ್ನೊಂದು ಬಿಲ್ಲೆ, ಥೈ-1, ಬಿಡೋಣ. ಎಕೆಆರ್ ಅನ್ನುವ ತಳಿಯ ಇಲಿಯ ಜೀನುಗಳ ನಡುವೆಯೇ ಕೂತು ಮರಿಗಳಿಗೆ ಇಳಿಯುವ ವೈರಸ್ಸಿನ ಕಥೆ ಬೇಕಿತ್ತು, ಅದಕ್ಕೆ ಇನ್ನೊಂದು ಭಾನುವಾರ ಕೊಡಿ. ಪ್ರಶ್ನೆ ಇದ್ದವರು ಕಾಫಿ ಹಿಡಿದು ಬನ್ನಿ. ಹೆಗ್ಗಣದ ಕಾಟಕ್ಕೆ ಮಾತ್ರ ನನ್ನ ಹತ್ತಿರ ಔಷಧಿ ಇಲ್ಲ.