ಸೆಷನ್‌ ಅನ್ನು ಸರ್ವರ್ ಒಳಗೆ ಕಟ್ಟಿಹಾಕಬೇಡಿ

ಕಳೆದ ಮಳೆಗಾಲ. ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ ಕೂತು ನನ್ನ ಚಿಕ್ಕಮ್ಮ ಮಗಳ ಹಾಸ್ಟೆಲ್ ಅರ್ಜಿ ತುಂಬುತ್ತಿದ್ದರು. ನಾಲ್ಕು ಪುಟದಲ್ಲಿ ಮೂರು ಮುಗಿದಿತ್ತು. ಕರೆಂಟ್ ಹೋಯಿತು, ಜೊತೆಗೆ ವೈಫೈ ಹೋಯಿತು, ಫೋನ್ ಮೊಬೈಲ್ ಡೇಟಾ ಹಿಡಿಯಿತು, ಚಿಕ್ಕಮ್ಮ 'ಮುಂದೆ' ಒತ್ತಿದರು. ಬಂದದ್ದು ಲಾಗಿನ್ ಪುಟ. "ಎಂತ ಮಾರಾಯ, ನಾನೇ ಏನೋ ತಪ್ಪು ಒತ್ತಿದ್ನಾ?" ಅಂತ ನನಗೆ ಫೋನ್ ಮಾಡಿದರು.

ಅವರದು ತಪ್ಪೇ ಇರಲಿಲ್ಲ. ಆ ಸೈಟ್ ಮಾಡಿದ ತಂಡದಲ್ಲಿ ನಾನೂ ಇದ್ದೆ. ತಪ್ಪು ನಮ್ಮದು.

ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮ ಎಚ್‌ಟಿಟಿಪಿ, ಅದಕ್ಕೆ ನೆನಪು ಅನ್ನೋದೇ ಇಲ್ಲ, ಪ್ರತಿ ಕ್ಲಿಕ್ಕೂ ಅದಕ್ಕೆ ಹೊಸದು. ಅದಕ್ಕೇ 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕಿ ತಂದರು: ಸರ್ವರ್ ಕೊಟ್ಟದ್ದನ್ನು ಬ್ರೌಸರ್ ಇಟ್ಟುಕೊಂಡು ಪ್ರತಿ ಸಲ ವಾಪಸ್ ತೋರಿಸುವ ಚಿಕ್ಕ ಚೀಟಿ. ಸಾಮಾನ್ಯವಾಗಿ ಕುಕಿಯಲ್ಲಿ ಒಂದು ಸೆಷನ್ ಐಡಿ ಇರುತ್ತದೆ, ಯಾರು ಲಾಗಿನ್ ಆಗಿದ್ದಾರೆ, ಏನು ತುಂಬಿದ್ದಾರೆ ಅನ್ನುವ ಉಳಿದ ವಿವರ, ಅಂದರೆ ಸೆಷನ್, ಸರ್ವರ್ ಹತ್ತಿರ. ಸೈಟ್ ಬರೆಯುವ ಭಾಷೆ ಪಿಎಚ್‌ಪಿ ಅಂತೂ ನಾವು ಬೇರೆ ಹೇಳದಿದ್ದರೆ ಅದನ್ನು ಅದೇ ಸರ್ವರ್‌ನ ಡಿಸ್ಕ್‌ನಲ್ಲಿ ಫೈಲ್ ಮಾಡಿ ಇಡುತ್ತದೆ. ನಮ್ಮಲ್ಲಿ ಎರಡು ಸರ್ವರ್ ಇದ್ದವು. ಅವುಗಳ ಮುಂದೆ ಬಂದವರನ್ನು ಹಂಚುವ ಎಂಜಿನ್‌ಎಕ್ಸ್, ಅದರಲ್ಲಿ ಐಪಿ ಹ್ಯಾಶ್ ಅನ್ನುವ ವಿಧಾನ: ನೆಟ್‌ವರ್ಕ್ ಕೊಡುವ ಐಪಿ ವಿಳಾಸದ ಮೊದಲ ಮೂರು ಭಾಗ ನೋಡಿ ಯಾರನ್ನು ಯಾವ ಸರ್ವರ್‌ಗೆ ಕಳಿಸಬೇಕು ಅಂತ ಅದು ತೀರ್ಮಾನಿಸುತ್ತದೆ. ವೈಫೈ ಬಿಟ್ಟು ಡೇಟಾಗೆ ಹೋದಾಗ ಐಪಿ ಬದಲಾಯಿತು, ಚಿಕ್ಕಮ್ಮ ಎರಡನೇ ಸರ್ವರ್‌ಗೆ ಹೋದರು, ಅವರ ಫೈಲ್ ಮೊದಲನೆಯದರಲ್ಲೇ ಉಳಿಯಿತು. ಬೆಂಗಳೂರಿನ ಆಫೀಸಿನಲ್ಲಿ ಕೂತು ಟೆಸ್ಟ್ ಮಾಡಿದರೆ ಇದು ಕಾಣುವುದೇ ಇಲ್ಲ. ಹೊಸನಗರ, ಆಗುಂಬೆ ಕಡೆ ಮಳೆ ಹಿಡಿದ ಮೇಲೆ ಇದು ದಿನದ ಪಾಡು.

ಕುಕಿ ನೋಡಿ ಅದೇ ಸರ್ವರ್‌ಗೆ ಕಳಿಸಿದರೆ ಆಯ್ತಲ್ವಾ ಅಂತೀರಾ? ಐಪಿ ತೊಂದರೆ ತಪ್ಪುತ್ತದೆ, ನಿಜ. ಆದರೆ ಆ ಸರ್ವರ್ ಬಿದ್ದ ದಿನ ಅದರಲ್ಲಿದ್ದವರೆಲ್ಲ ಹೊರಗೆ. ಜೆಡಬ್ಲ್ಯೂಟಿ, ಅಂದರೆ ವಿವರವನ್ನು ಸಹಿ ಹಾಕಿದ ಟೋಕನ್‌ನಲ್ಲಿ ಬ್ರೌಸರ್ ಕೈಗೇ ಕೊಡುವುದು, ಸಾಕು ಅನ್ನುವವರೂ ಇದ್ದಾರೆ. ಆದರೆ ಟೋಕನ್ ಕಳ್ಳರ ಕೈಗೆ ಸಿಕ್ಕರೆ ಅವಧಿ ಮುಗಿಯುವ ತನಕ ಅದು ನಡೆಯುತ್ತದೆ. ತಡೆಯಬೇಕು ಅಂದರೆ ರದ್ದಾದವುಗಳ ಪಟ್ಟಿ ಸರ್ವರ್ ಕಡೆ ಇಡಬೇಕು, ಅಲ್ಲಿಗೆ ಮತ್ತೆ ಹಳೇ ಕಥೆಯೇ.

ನಾನು ಹೇಳುವುದು ಇಷ್ಟೆ: ಸೆಷನ್‌ ಅನ್ನು ಹೊರಗೆ ತಂದು, ಎಲ್ಲ ಸರ್ವರ್‌ಗೂ ಸಿಗುವ ರೆಡಿಸ್ ಅನ್ನುವ ಡೇಟಾಬೇಸ್‌ನಲ್ಲಿ ಇಡಿ. ಅದಕ್ಕೊಂದು ರೆಪ್ಲಿಕಾ, ಅಂದರೆ ಜೊತೆಗೆ ನಡೆಯುವ ನಕಲು, ಇರಲಿ, ಇಲ್ಲದಿದ್ದರೆ ಅದು ಬಿದ್ದಾಗ ಎಲ್ಲವೂ ಬೀಳುತ್ತದೆ. ಸೆಷನ್ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವ ಅವಧಿಯನ್ನೂ ನೋಡಿ. ಪಿಎಚ್‌ಪಿಯಲ್ಲಿ ಸುಮ್ನೆ ಬಿಟ್ಟರೆ ಅದು 1440 ಸೆಕೆಂಡ್, ಅಂದರೆ 24 ನಿಮಿಷ. ನಮ್ಮೂರಲ್ಲಿ ಲೈನ್ ಮೇಲೆ ಮರ ಬಿದ್ದರೆ ಅಷ್ಟರಲ್ಲಿ ಕರೆಂಟ್ ಬರುತ್ತದಾ? ನಾವು ಈಗ ಎರಡು ಗಂಟೆ ಇಟ್ಟಿದ್ದೇವೆ.