ಮೊದಲು ಸಂಗಾತಿಯ ಕಾಗದ, ಆಮೇಲೆ ನಿಮ್ಮದು

ಕೇಳುಗರಿಗೆಲ್ಲ ನಮಸ್ಕಾರ. ಹೊರದೇಶದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿದೆ, ಜೊತೆಗೆ ಹೆಂಡತಿಯೋ ಗಂಡನೋ ಹೊರಟಿದ್ದಾರೆ ಅಂತಿಟ್ಟುಕೊಳ್ಳಿ. ಈಗ ನಿಮ್ಮ ಮೇಜಿನ ಮೇಲೆ ಏನೇನಿರುತ್ತದೆ? ಪದವಿ ಪತ್ರ, ಅಂಕಪಟ್ಟಿ, ಶಿಕ್ಷಕ ತರಬೇತಿಯ ಸರ್ಟಿಫಿಕೇಟು, ಅನುಭವ ಪತ್ರ. ಎಲ್ಲ ಪಾಠ ಮಾಡುವವರದ್ದೇ. ಮದುವೆ ಪ್ರಮಾಣಪತ್ರ ಎಲ್ಲಿ ಅಂತ ಕೇಳಿದರೆ, 'ಬೀರುವಿನಲ್ಲಿ ಎಲ್ಲೋ ಇರಬೇಕು' ಅನ್ನುತ್ತೀರಿ. ಇವತ್ತು ನಾನು ಹೇಳುವುದು ಒಂದೇ ಮಾತು. ಸಂಗಾತಿಯ ಕಾಗದದಿಂದ ಶುರು ಮಾಡಿ. ನಿಮ್ಮದು ಆಮೇಲೆ.

ಯಾಕೆ ಹೀಗೆ ಹೇಳುತ್ತೇನೆಂದರೆ, ನಿಮ್ಮ ಕಾಗದದ ಬೆನ್ನು ಹತ್ತುವವರು ಬೇರೆ ಇದ್ದಾರೆ. ಶಾಲೆ ತೆರೆಯುವ ದಿನ ತರಗತಿಯಲ್ಲಿ ಮೇಷ್ಟ್ರು ಇರಲೇಬೇಕು. ಹಾಗಾಗಿ ಶಾಲೆಯ ಆಡಳಿತದವರೇ ವಾರಕ್ಕೊಮ್ಮೆ ಇಮೇಲ್ ಮಾಡಿ ಎಚ್ಚರಿಸುತ್ತಾರೆ. ನಿಮ್ಮ ಸಂಗಾತಿಗಾಗಿ ಆ ಕಡೆ ಕಾಯುವವರು ಯಾರೂ ಇಲ್ಲ. 'ಫ್ಯಾಮಿಲಿ ವೀಸಾ ಆಮೇಲೆ ನೋಡೋಣ, ಅದೇನು ದೊಡ್ಡದಲ್ಲ' ಅನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಮದುವೆ ಪ್ರಮಾಣಪತ್ರ ಇದ್ದರಷ್ಟೇ ಸಾಲದು, ಆ ದೇಶ ಅದನ್ನು ನಂಬಬೇಕು. ಅದಕ್ಕೆ ಅಪೊಸ್ಟಿಲ್ ಅನ್ನುವ ಮುದ್ರೆ ಇದೆ. ದೇಶದೇಶಗಳ ನಡುವೆ ಆದ 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದದಿಂದ ಬಂದದ್ದು. ಪ್ರತಿ ಬದಿ ಕನಿಷ್ಠ 9 ಸೆಂಟಿಮೀಟರ್ ಇರುವ ಚೌಕ, ನೆತ್ತಿಯ ಮೇಲೆ ಫ್ರೆಂಚ್ ಭಾಷೆಯಲ್ಲಿ ಒಪ್ಪಂದದ ಹೆಸರು, ಒಳಗೆ 1ರಿಂದ 10ರವರೆಗೆ ಸಂಖ್ಯೆ ಹಾಕಿದ ಸಾಲುಗಳು. ಅದು ದೃಢಪಡಿಸುವುದು ಪತ್ರದ ಮೇಲಿನ ಸಹಿ, ಸಹಿ ಹಾಕಿದವರ ಹುದ್ದೆ ಮತ್ತು ಮೊಹರು, ಇಷ್ಟನ್ನೇ. ಒಳಗೆ ಹೆಸರು ತಪ್ಪಿದ್ದರೆ ಅಪೊಸ್ಟಿಲ್ ಅದನ್ನು ಸರಿ ಮಾಡುವುದಿಲ್ಲ. ಕೆನಡಾದಲ್ಲಿ ಇದು 2024ರ ಜನವರಿ 11ರಿಂದ ನಡೆಯುತ್ತದೆ. ಸಂಯುಕ್ತ ಅರಬ್ ಸಂಸ್ಥಾನಕ್ಕೆ ಹೋಗುವವರಿಗೆ ಇದು ಸಾಲದು. ನಿಮ್ಮ ದೇಶದ ವಿದೇಶಾಂಗ ಇಲಾಖೆ, ಆಮೇಲೆ ಅವರ ರಾಯಭಾರ ಕಚೇರಿ, ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆ, ಹೀಗೆ ಸರಪಳಿಯೇ ಇದೆ. ಮಧ್ಯದ ಒಂದು ಕೊಂಡಿ ಬಿಟ್ಟರೂ ಮತ್ತೆ ಮೊದಲಿನಿಂದ.

ಒಬ್ಬ ಗಣಿತ ಶಿಕ್ಷಕಿಯ ವಿಷಯ ಹೇಳುತ್ತೇನೆ. ಇದನ್ನು ಎಲ್ಲರಿಗೂ ಹೇಳುತ್ತಿರುತ್ತೇನೆ. ಮೇ ತಿಂಗಳಲ್ಲಿ ಕರಾರಿಗೆ ಸಹಿ, ಆಗಸ್ಟ್ ಕೊನೆಗೆ ಶಾಲೆ ಶುರು. ಜೂನ್ ಮುಗಿಯುವುದರೊಳಗೆ ಆಕೆಯ ಕಾಗದಗಳೆಲ್ಲ ಅಚ್ಚುಕಟ್ಟಾಗಿ ಸಿದ್ಧ. ಗಂಡನಿಗಾಗಿ ಮದುವೆ ಪ್ರಮಾಣಪತ್ರ ತೆಗೆದು ನೋಡಿದರೆ ಲ್ಯಾಮಿನೇಷನ್ ಮಾಡಿಸಿಟ್ಟಿದ್ದಾರೆ. ಹಾಳಾಗದಿರಲಿ ಅಂತ! ಪ್ಲಾಸ್ಟಿಕ್ ಮೇಲೆ ಮುದ್ರೆ ಒತ್ತುವುದು ಹೇಗೆ? ಕೌಂಟರಿನಲ್ಲೇ ವಾಪಸ್ ಕೊಟ್ಟರು. ಮನೆಗೆ ಬಂದು ಮೂಲೆಯಿಂದ ಸುಲಿಯಲು ನೋಡಿದರು. ಹಾಳೆಯ ಮೇಲ್ಪದರವೇ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬಂತು. ಅದರ ಜೊತೆ ನೋಂದಣಾಧಿಕಾರಿಯ ಮೊಹರೂ ಅರ್ಧ ಬಂತು.

ಸರಿ, ದೃಢೀಕೃತ ನಕಲಿಗೆ ಅರ್ಜಿ ಹಾಕಿದರು. ನಕಲು ಬಂತು. ಆದರೆ ಸಹಿ ಹಾಕಿದ್ದು ಹೊಸದಾಗಿ ಬಂದ ಅಧಿಕಾರಿ. ಅಪೊಸ್ಟಿಲ್ ಕೊಡುವ ಕಚೇರಿಯವರು ಸಹಿಯನ್ನು ತಮ್ಮ ಕಡತದ ಮಾದರಿ ಸಹಿಯೊಂದಿಗೆ ಹೋಲಿಸಿ ನೋಡುತ್ತಾರೆ. ಈ ಅಧಿಕಾರಿಯ ಮಾದರಿ ಸಹಿ ಅಲ್ಲಿಗೆ ಇನ್ನೂ ಹೋಗಿರಲಿಲ್ಲ. ಅದು ಹೋಗುವ ತನಕ ಕಾಯಬೇಕಾಯಿತು. ಅಷ್ಟರಲ್ಲಿ ಸಮಯ ಉಳಿಯುತ್ತದೆ ಅಂತ ಗಂಡ ಅನುವಾದ ಮಾಡಿಸಿಬಿಟ್ಟರು. ಆಮೇಲೆ ಅಪೊಸ್ಟಿಲ್ ಬಿತ್ತು. ವೀಸಾ ಕಚೇರಿಯವರು, ಅನುವಾದದಲ್ಲಿ ಅಪೊಸ್ಟಿಲ್ ಇಲ್ಲವಲ್ಲ ಅಂದರು. ನ್ಯಾಯವಾದ ಮಾತೇ. ಮೊದಲು ಮುದ್ರೆ, ನಂತರ ಮುದ್ರೆಯೂ ಸೇರಿದ ಇಡೀ ಪತ್ರದ ಅನುವಾದ. ಎರಡನೇ ಸಲ ಅನುವಾದಕ್ಕೆ ದುಡ್ಡು.

ಮುಗಿಯಿತೆಂದುಕೊಂಡರೆ ಹೆಸರಿನ ಗೋಜಲು. ಪ್ರಮಾಣಪತ್ರದಲ್ಲಿ ಆಕೆಯ ಹೆಸರಿಗೆ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ಣ ಹೆಸರು. ಎರಡೂ ಹೆಸರಿನವರು ಒಬ್ಬರೇ ಅಂತ ಅಫಿಡವಿಟ್ ಸಲ್ಲಿಸಬೇಕಾಯಿತು, ಅದಕ್ಕೂ ಅಪೊಸ್ಟಿಲ್. ಇಷ್ಟೆಲ್ಲ ಆಗುವ ಹೊತ್ತಿಗೆ ಜೂನಿನಲ್ಲೇ ತೆಗೆಸಿದ್ದ, ಗಂಡನ ಮೇಲೆ ಯಾವ ಕೇಸೂ ಇಲ್ಲ ಅನ್ನುವ ಪೊಲೀಸ್ ಪ್ರಮಾಣಪತ್ರದ 6 ತಿಂಗಳ ಅವಧಿ ಮುಗಿದೇಹೋಗಿತ್ತು. ಗಂಡ ಹೋಗಿ ಹೆಂಡತಿಯನ್ನು ಸೇರಿದ್ದು ಎರಡನೇ ಸೆಮಿಸ್ಟರಿನ ಹೊತ್ತಿಗೆ. ಇಷ್ಟಾದರೂ ಶಾಲೆ ಕೊಟ್ಟಿದ್ದು ಒಬ್ಬರಿಗೆ ಮಾತ್ರ ಅಂತ ಬರೆದಿದ್ದ ಕೋಣೆ!

ಇದರಲ್ಲಿ ಯಾವುದೂ ವಿಚಿತ್ರವಲ್ಲ, ಎಲ್ಲ ದಿನನಿತ್ಯ ಆಗುವಂಥದ್ದೇ. ಅದಕ್ಕೇ ಸಂಗಾತಿಯ ಕಾಗದ ಮೊದಲು. ಕ್ರಮ ಬರೆದುಕೊಳ್ಳಿ. ಇಬ್ಬರ ಪಾಸ್‌ಪೋರ್ಟಿನಲ್ಲೂ ಕರಾರಿನ ಅವಧಿಗಿಂತ 6 ತಿಂಗಳು ಹೆಚ್ಚು ಉಳಿದಿದೆಯೇ ನೋಡಿ. ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಪ್ರಮಾಣಪತ್ರದ ಹೆಸರು, ಜನ್ಮದಿನಾಂಕಗಳನ್ನು ಅಕ್ಷರ ಅಕ್ಷರ ಹೋಲಿಸಿ. ಹೊಸದಾಗಿ ಎರಡು ದೃಢೀಕೃತ ನಕಲು ತೆಗೆಸಿ. ಅಪೊಸ್ಟಿಲ್, ನಂತರ ಅನುವಾದ. ಪೊಲೀಸ್ ಪ್ರಮಾಣಪತ್ರ ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ಅದೇ ಬೇಗ ಹಳಸುವುದು. ಮದುವೆ ನೋಂದಣಿಯೇ ಆಗಿಲ್ಲವೆಂದರೆ ಕೆಲಸಕ್ಕೆ ಅರ್ಜಿ ಹಾಕುವ ಮುಂಚೆಯೇ ಮಾಡಿಸಿ. ಮದುವೆಯ ಫೋಟೋ ತೋರಿಸಿದರೆ ವೀಸಾ ಕೊಡುವುದಿಲ್ಲ.

ಸಮಯ ಸರಿಯುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಸಂಗಾತಿ ಅಲ್ಲಿ ದುಡಿಯಬಹುದೇ? ಬ್ರಿಟನ್ನಿನಲ್ಲಿ ಸ್ಕಿಲ್ಡ್ ವರ್ಕರ್ ಅನ್ನುವ ಉದ್ಯೋಗ ವೀಸಾದವರ ಸಂಗಾತಿ ಹೆಚ್ಚುಕಡಿಮೆ ಯಾವ ಕೆಲಸವನ್ನಾದರೂ ಮಾಡಬಹುದು. ಜಪಾನಿನಲ್ಲಿ ಪ್ರತ್ಯೇಕ ಅನುಮತಿ ಪಡೆದು ವಾರಕ್ಕೆ 28 ಗಂಟೆ. ಅಮೆರಿಕಕ್ಕೆ ಜೆ-1 ವಿನಿಮಯ ವೀಸಾದಲ್ಲಿ ಹೋದ ಶಿಕ್ಷಕರ ಸಂಗಾತಿ ಅಲ್ಲಿಗೆ ಹೋದ ಮೇಲೆ ಅನುಮತಿಗೆ ಅರ್ಜಿ ಹಾಕಬಹುದು, ಕಾರ್ಡು ಕೈಗೆ ಬರುವ ತನಕ ಕೆಲಸ ಮಾಡುವಂತಿಲ್ಲ. ಶಿಕ್ಷಕರದ್ದು ಎಚ್-1ಬಿ ಉದ್ಯೋಗ ವೀಸಾ ಆದರೆ, ಎಚ್-4 ಅನ್ನುವ ಅವಲಂಬಿತ ವೀಸಾದಲ್ಲಿರುವ ಸಂಗಾತಿಗೆ, ಗ್ರೀನ್ ಕಾರ್ಡಿಗಾಗಿ, ಅಂದರೆ ಖಾಯಂ ವಾಸಕ್ಕಾಗಿ, ಹಾಕುವ ಐ-140 ಅರ್ಜಿ ಒಪ್ಪಿಗೆಯಾದ ಮೇಲೇ ಸಾಮಾನ್ಯವಾಗಿ ಕೆಲಸದ ದಾರಿ. ಎರಡು ಸಂಬಳ ಲೆಕ್ಕ ಹಾಕಿಕೊಂಡು ಹೊರಡುವವರು ಇದನ್ನು ಮೊದಲು ನೋಡಿ. ಇಬ್ಬರೂ ಶಿಕ್ಷಕರಾದರೆ ಒಬ್ಬೊಬ್ಬರಿಗೂ ಬೇರೆ ಕರಾರು, ಬೇರೆ ವೀಸಾ ಕೇಳಿ. ಅವಲಂಬಿತ ವೀಸಾದಲ್ಲಿ ಒಬ್ಬರ ಕೆಲಸ ಹೋದರೆ ಇಬ್ಬರೂ ಗಂಟುಮೂಟೆ ಕಟ್ಟಬೇಕಾಗುತ್ತದೆ.

ಕರಾರಿನಲ್ಲಿ ನಾಲ್ಕು ಸಾಲು ಹುಡುಕಿ: ವಿಮಾನದ ಟಿಕೆಟ್ ಎಷ್ಟು ಜನರಿಗೆ, ಮನೆ ಎಷ್ಟು ಜನರಿಗೆ, ಆರೋಗ್ಯ ವಿಮೆಯಲ್ಲಿ ಸಂಗಾತಿ ಯಾವ ದಿನದಿಂದ, ಸಂಗಾತಿಯ ವೀಸಾ ಶುಲ್ಕ ಯಾರದ್ದು. ಫೋನಿನಲ್ಲಿ 'ಹೌದು, ಕೊಡುತ್ತೇವೆ' ಅಂದದ್ದು ಲೆಕ್ಕಕ್ಕಿಲ್ಲ. ಬರಹದಲ್ಲಿ ತರಿಸಿಕೊಂಡ ಮೇಲೇ ಸಹಿ. ಬ್ರಿಟನ್ನಿನಂಥ ಕಡೆ ಆರೋಗ್ಯ ಶುಲ್ಕವನ್ನು ಇಡೀ ವೀಸಾ ಅವಧಿಗೆ, ತಲೆಗಿಷ್ಟು ಅಂತ ಮುಂಗಡ ಕಟ್ಟಬೇಕು. ಇಬ್ಬರದ್ದು ಸೇರಿದರೆ ಮೊತ್ತ ನೋಡಿ ಎದೆ ಧಸಕ್ಕೆನ್ನುತ್ತದೆ. ಮೊದಲ ಸಂಬಳ ತಿಂಗಳ ಕೊನೆಗೆ, ಬ್ಯಾಂಕ್ ಖಾತೆ ತೆರೆಯುವುದು ತಡವಾದರೆ ಇನ್ನೂ ಆಚೆಗೆ. ಹಾಗಾಗಿ ಇಬ್ಬರ ಮೂರು ತಿಂಗಳ ಖರ್ಚು ಕೈಯಲ್ಲಿರಲಿ. ಸಾಧ್ಯವಾದ ಕಡೆ ಬ್ಯಾಂಕ್ ಖಾತೆಯಲ್ಲೂ ಬಾಡಿಗೆ ಕರಾರಿನಲ್ಲೂ ಇಬ್ಬರ ಹೆಸರು ಹಾಕಿಸಿ. ಹಾಗೆ ಮಾಡದಿದ್ದರೆ ಸಂಗಾತಿಗೆ ಲೈಬ್ರರಿ ಕಾರ್ಡಿನಿಂದ ಹಿಡಿದು ಡ್ರೈವಿಂಗ್ ಲೈಸೆನ್ಸಿನವರೆಗೆ ವಿಳಾಸದ ಪುರಾವೆ ಸಿಗುವುದೇ ಕಷ್ಟ.

ಅಪೊಸ್ಟಿಲ್ ಬಿದ್ದ ಮೂಲ ಪತ್ರವನ್ನು ಲಗೇಜಿಗೆ ಹಾಕಬೇಡಿ, ಕೈಚೀಲದಲ್ಲಿಟ್ಟುಕೊಳ್ಳಿ. ಪತ್ರಕ್ಕೆ ಹೊಡೆದ ಸ್ಟೇಪಲ್ ಪಿನ್ ತೆಗೆದು ಫೋಟೊಕಾಪಿ ಮಾಡಿಸಬೇಡಿ, ಪಿನ್ ಬಿಚ್ಚಿದ ಗುರುತು ಕಂಡರೆ ಹಾಳೆ ಬದಲಾಯಿಸಿದ್ದಾರೆಂದು ತಿರಸ್ಕರಿಸಬಹುದು. ಮತ್ತೆ, ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ನಮಸ್ಕಾರ.