ಹಿಮದ ನಾಡಿಗೆ ಕ್ಯಾಂಪರ್‌ವ್ಯಾನ್: ಲಿಥಿಯಂ ಬ್ಯಾಟರಿ ಆರಿಸುವ ಮುನ್ನ ಅದನ್ನು ಕೂರಿಸುವ ಜಾಗ ಆರಿಸಿ

[ದೃಶ್ಯ: ಮೊಬೈಲ್ ಪರದೆಯ ಮೇಲೆ ಬ್ಯಾಟರಿಯ ಆ್ಯಪ್. ಹಿನ್ನೆಲೆಯಲ್ಲಿ ಎಂಜಿನ್ ಸದ್ದು.]

ನಮಸ್ಕಾರ. ಈ ಪರದೆಯನ್ನು ಒಮ್ಮೆ ನೋಡಿ. ಬ್ಯಾಟರಿಯಲ್ಲಿ ಉಳಿದಿರುವುದು ಶೇ. 41. ಎಂಜಿನ್ ಓಡುತ್ತಿದೆ, ಚಾರ್ಜರ್‌ನ ಹಸಿರು ದೀಪ ಉರಿಯುತ್ತಿದೆ. ಒಳಗೆ ಹೋಗುತ್ತಿರುವ ಕರೆಂಟು ಮಾತ್ರ ಸೊನ್ನೆ. ಕಾರಣ ಕೆಳಗೆ ಸಣ್ಣ ಅಕ್ಷರದಲ್ಲಿದೆ: ಸೆಲ್‌ನ ತಾಪಮಾನ -2 ಡಿಗ್ರಿ. ಬ್ಯಾಟರಿ ಕೆಟ್ಟಿಲ್ಲ. ತನ್ನ ಪ್ರಾಣ ಉಳಿಸಿಕೊಳ್ಳಲು ಬಾಗಿಲು ಹಾಕಿಕೊಂಡು ಕುಳಿತಿದೆ, ಅಷ್ಟೇ.

ಬ್ರಿಟನ್ನಿನಲ್ಲಿ ನೆಲೆಸಿ, ಹಳೆಯ ಡೆಲಿವರಿ ವ್ಯಾನೊಂದನ್ನು ಕೊಂಡು ಕ್ಯಾಂಪರ್ ಮಾಡಿಸಿಕೊಂಡು, ಡಿಸೆಂಬರಿನ ರಜೆಗೆ ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಕಡೆಗೆ ಹೊರಡುವ ಕನ್ನಡಿಗರಿಗಾಗಿ ಈ ವಿಡಿಯೋ. ಚಳಿಗಾಲದಲ್ಲಿ ಲೀಷರ್ ಬ್ಯಾಟರಿ, ಅಂದರೆ ಎಂಜಿನ್ ಚಾಲೂ ಮಾಡುವ ಬ್ಯಾಟರಿಯಲ್ಲ, ವ್ಯಾನಿನ ದೀಪ, ಫ್ರಿಜ್, ಹೀಟರ್‌ಗಳಿಗೆ ಕರೆಂಟು ಕೊಡುವ ಇನ್ನೊಂದು ಬ್ಯಾಟರಿ, ಹೇಗಿರಬೇಕು ಎಂದು ನೋಡೋಣ.

ಮೊದಲು ಚಳಿಯ ಅಂದಾಜು. ಬ್ರಿಟನ್ನಿನಲ್ಲಿ ದಾಖಲಾದ ಕನಿಷ್ಠ ತಾಪಮಾನ -27.2 ಡಿಗ್ರಿ. ಬ್ರೇಮಾರ್ ಎಂಬ ಹಳ್ಳಿಯಲ್ಲಿ 1895ರಲ್ಲಿ ಮತ್ತು 1982ರಲ್ಲಿ, ಆಲ್ಟ್‌ನಹಾರಾದಲ್ಲಿ 1995ರಲ್ಲಿ. ಮೂರೂ ಸ್ಕಾಟ್ಲೆಂಡಿನ ದಾಖಲೆಗಳೇ. ನಿಮಗೆ ಅಂಥ ರಾತ್ರಿ ಸಿಗುವ ಸಾಧ್ಯತೆ ಕಡಿಮೆ. ಆದರೆ ಕೇರ್ನ್‌ಗಾರ್ಮ್ಸ್ ಬೆಟ್ಟಗಳ ತಪ್ಪಲಿನಲ್ಲಿ ಆಕಾಶ ತಿಳಿಯಾಗಿದ್ದ ರಾತ್ರಿ -5, -8 ಎಂಬುದು ಅಚ್ಚರಿಯ ಮಾತಲ್ಲ. ಬ್ಯಾಟರಿಯ ಮಟ್ಟಿಗೆ ಅಷ್ಟು ಸಾಕು. ಅದಕ್ಕೆ ಸೊನ್ನೆಯೇ ಲಕ್ಷ್ಮಣರೇಖೆ.

[ದೃಶ್ಯ: ಎರಡು ಬ್ಯಾಟರಿಗಳು ತೂಕದ ಯಂತ್ರದ ಮೇಲೆ, ಅಕ್ಕಪಕ್ಕದಲ್ಲಿ.]

ಹಾಗಿದ್ದರೆ ಲಿಥಿಯಂ ಏಕೆ ಬೇಕು, ಊರಿನ ಮನೆಯ ಯುಪಿಎಸ್‌ನಲ್ಲಿರುವಂಥ ಲೆಡ್ ಆಸಿಡ್ ಬ್ಯಾಟರಿಯೇ ಸಾಲದೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 100 ಎಎಚ್‌ನ (ಎಎಚ್ ಎಂದರೆ ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಅದರ ಆಯುಸ್ಸು ಬೇಗ ತೀರುತ್ತದೆ. ಅಷ್ಟೇ ಗಾತ್ರದ ಲಿಥಿಯಂನಲ್ಲಿ ಶೇ. 80ರಿಂದ 90ರವರೆಗೆ ನಿಶ್ಚಿಂತೆಯಿಂದ ಬಳಸಬಹುದು. ತೂಕವೂ ಹಾಗೆಯೇ: ಒಂದು 25 ಕೆ.ಜಿ. ದಾಟುತ್ತದೆ, ಇನ್ನೊಂದು 12 ಕೆ.ಜಿ. ಆಸುಪಾಸು. ಸಾಮಾನ್ಯ ಕಾರು ಪರವಾನಗಿಯಲ್ಲಿ ಓಡಿಸುವ ವ್ಯಾನಿನ ಮಿತಿ 3,500 ಕೆ.ಜಿ. ಎಂಬುದನ್ನು ನೆನೆದರೆ, ನೀರು, ಸಾಮಾನು, ಮಕ್ಕಳು ಎಲ್ಲ ಸೇರಿದ ಮೇಲೆ ಆ ಹದಿಮೂರು ಕೆ.ಜಿ. ಸಣ್ಣದೇನಲ್ಲ.

ವ್ಯಾನ್‌ಗಳಲ್ಲಿ ಬಳಸುವುದು ಲಿಥಿಯಂ ಐರನ್ ಫಾಸ್ಫೇಟ್, ಎಲ್‌ಎಫ್‌ಪಿ. ಸೆಲ್ ಒಂದಕ್ಕೆ 3.2 ವೋಲ್ಟ್, ನಾಲ್ಕು ಸೇರಿದರೆ 12.8. ಮೊಬೈಲ್ ಬ್ಯಾಟರಿಯ ರಸಾಯನಕ್ಕಿಂತ ಇದು ಶಾಂತ ಸ್ವಭಾವದ್ದು, ಸುಲಭಕ್ಕೆ ಬೆಂಕಿ ಹಿಡಿಯುವುದಿಲ್ಲ. ಇದನ್ನು ಲೋಕಕ್ಕೆ ಪರಿಚಯಿಸಿದ 1997ರ ಸಂಶೋಧನಾ ಪ್ರಬಂಧ ಟೆಕ್ಸಾಸ್ ವಿಶ್ವವಿದ್ಯಾಲಯದ್ದು. ಅದರಲ್ಲಿ ಮೂರು ಹೆಸರುಗಳಿವೆ: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ಕೊನೆಯವರಿಗೆ 2019ರಲ್ಲಿ ನೊಬೆಲ್ ಬಂತು. ನಡುವಿನ ಹೆಸರು ಓದಿದಾಗ ನಮ್ಮವರ ಕಿವಿ ನಿಮಿರದೆ ಇರುವುದಿಲ್ಲ.

ಈಗ ಸೊನ್ನೆ ಡಿಗ್ರಿಯ ಕಥೆಗೆ ಬರೋಣ.

[ದೃಶ್ಯ: ಸೆಲ್‌ನ ಒಳಗಿನ ರೇಖಾಚಿತ್ರ. ಎಡದಿಂದ ಬಲಕ್ಕೆ ಚಲಿಸುವ ಚುಕ್ಕೆಗಳು.]

ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಆಚೆ ಬದಿಯ ಗ್ರಾಫೈಟ್‌ನ ಪದರಗಳ ನಡುವೆ ತೂರಿ ಕೂರಬೇಕು. ಚಳಿ ಹೆಚ್ಚಿದಂತೆ ಈ ಕೂರುವ ಕೆಲಸ ನಿಧಾನವಾಗುತ್ತದೆ. ಚಾರ್ಜರ್‌ಗೆ ಅದರ ಅರಿವಿಲ್ಲ, ಅದು ತಳ್ಳುತ್ತಲೇ ಇರುತ್ತದೆ. ಮದುವೆ ಮನೆಯಲ್ಲಿ ಪಂಕ್ತಿ ಏಳುವ ಮುನ್ನವೇ ಮುಂದಿನವರನ್ನು ಒಳಗೆ ಬಿಟ್ಟಂತೆ: ಎಲೆ ಸಿಗದವರು ಬಾಗಿಲಲ್ಲೇ ಜಮಾಯಿಸುತ್ತಾರೆ. ಅಯಾನುಗಳು ಹೀಗೆ ಗ್ರಾಫೈಟ್‌ನ ಹೊರಮೈಯಲ್ಲಿ ಜಮಾಯಿಸಿದಾಗ ಲೋಹವಾಗಿ ಗಟ್ಟಿಯಾಗುತ್ತವೆ. ಅದರಲ್ಲಿ ಬಹುಪಾಲು ಮತ್ತೆ ಬಳಕೆಗೆ ಬರುವುದಿಲ್ಲ. ಅಂದರೆ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಅಷ್ಟು ಇಳಿಯಿತು. ಈ ಲೋಹ ಸೂಜಿಯಂತೆ ಬೆಳೆದು ನಡುವಿನ ತೆಳು ಪೊರೆಯನ್ನು ಚುಚ್ಚಿದರೆ ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ.

ಗಮನಿಸಿ, ಇದು ಚಾರ್ಜ್ ಮಾಡುವಾಗಿನ ಮಾತು. ಬಳಸುವುದಕ್ಕೆ ಅಡ್ಡಿಯಿಲ್ಲ. ಹೆಚ್ಚಿನ ಎಲ್‌ಎಫ್‌ಪಿ ಬ್ಯಾಟರಿಗಳು -20 ಡಿಗ್ರಿಯವರೆಗೂ ಕರೆಂಟು ಕೊಡುತ್ತವೆ, ಪ್ರಮಾಣ ಕುಗ್ಗುತ್ತದೆ ಅಷ್ಟೇ. ಇನ್ನೂ ಒಂದು: ಸೊನ್ನೆ ದಾಟಿದ ಕೂಡಲೇ ಎಲ್ಲ ಸರಿಯಾಯಿತು ಎಂದಲ್ಲ. ಸೊನ್ನೆಯಿಂದ ಹತ್ತು ಡಿಗ್ರಿಯವರೆಗೆ ಮೆಲ್ಲಗೆ ಚಾರ್ಜ್ ಮಾಡುವುದೇ ಲೇಸು. ವಿಕ್ಟ್ರಾನ್ ಕಂಪನಿಯ ಸೋಲಾರ್ ನಿಯಂತ್ರಕಗಳಲ್ಲಿ ಲಿಥಿಯಂ ಆರಿಸಿದರೆ ಚಾರ್ಜ್ ನಿಲ್ಲಿಸುವ ಮಿತಿ 5 ಡಿಗ್ರಿಗೆ ನಿಗದಿಯಾಗಿರುವುದು ಇದೇ ಎಚ್ಚರಿಕೆಯಿಂದ.

[ದೃಶ್ಯ: ಬ್ಯಾಟರಿಯೊಂದರ ವಿವರಪಟ್ಟಿ. ಎರಡು ಸಾಲುಗಳ ಮೇಲೆ ಹಳದಿ ಗುರುತು.]

ಮಾರುಕಟ್ಟೆಯಲ್ಲಿ ಮೂರು ಬಗೆ ಸಿಗುತ್ತವೆ. ಚಳಿಯ ರಕ್ಷಣೆಯೇ ಇಲ್ಲದ್ದು ಒಂದು, ಅದನ್ನು ಮುಟ್ಟಬೇಡಿ. ಸೆಲ್ ತಣ್ಣಗಾದಾಗ ಚಾರ್ಜ್ ಕತ್ತರಿಸುವ ಬಿಎಂಎಸ್ ಇರುವುದು ಎರಡನೆಯದು. ಬಿಎಂಎಸ್ ಎಂದರೆ ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್. ಕತ್ತರಿಸುವುದರ ಜೊತೆಗೆ, ಸೆಲ್‌ಗಳನ್ನು ಬೆಚ್ಚಗೆ ಮಾಡುವ ಹೀಟರ್ ಹಾಳೆಯೂ ಇರುವುದು ಮೂರನೆಯದು.

ಇಲ್ಲಿ ಜಾಹೀರಾತಿನ ಜಾಣತನವೊಂದಿದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘ಚಳಿಯಿಂದ ರಕ್ಷಣೆ’ ಎಂದಿರುತ್ತದೆ. ವಿವರಪಟ್ಟಿ ತೆರೆದರೆ ಅದು -20ರಲ್ಲಿ ಬಳಕೆ ನಿಲ್ಲಿಸುವ ರಕ್ಷಣೆ. ನಮಗೆ ಬೇಕಾದದ್ದು ಅದಲ್ಲ. ಪಟ್ಟಿಯಲ್ಲಿ ಎರಡು ಸಾಲು ಹುಡುಕಿ. ಚಾರ್ಜ್ ತಾಪಮಾನ, ಡಿಸ್ಚಾರ್ಜ್ (ಅಂದರೆ ಬಳಸುವಾಗಿನ) ತಾಪಮಾನ. ಚಾರ್ಜ್ ಸಾಲಿನಲ್ಲಿ ಸೊನ್ನೆಯ ಆಸುಪಾಸಿನ ಅಂಕಿ ಇದ್ದು, ಆ ಮಿತಿಯ ಕೆಳಗೆ ‘ಬಿಎಂಎಸ್ ಚಾರ್ಜ್ ಕಡಿದುಹಾಕುತ್ತದೆ’ ಎಂದು ಬೇರೆಯಾಗಿ ಬರೆದಿರಬೇಕು. ಬರೀ ಶಿಫಾರಸಿನ ಅಂಕಿ ಕೊಟ್ಟು ಸುಮ್ಮನಿದ್ದರೆ ಆ ಮಿತಿಯನ್ನು ಕಾಯುವ ಹೊಣೆ ನಿಮ್ಮದೇ ಎಂದರ್ಥ. ಆ್ಯಪ್‌ನಲ್ಲಿ ಸೆಲ್‌ನ ತಾಪಮಾನ ಕಾಣಿಸುವ ಬ್ಯಾಟರಿಯನ್ನೇ ಕೊಳ್ಳಿ. ಕಾಣಿಸದಿದ್ದರೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಹೀಟರ್ ಇರುವುದನ್ನು ಕೊಂಡರೆ ತಲೆನೋವು ಮುಗಿಯಿತಲ್ಲ ಎನ್ನುವವರಿಗೆ ಒಂದು ಸಣ್ಣ ಲೆಕ್ಕ. 12 ಕೆ.ಜಿ.ಯ ಬ್ಯಾಟರಿಯನ್ನು -5ರಿಂದ +5 ಡಿಗ್ರಿಗೆ ತರಬೇಕು. ಹೀಟರ್ ಹಾಳೆ 50 ವ್ಯಾಟಿನದು ಎಂದುಕೊಳ್ಳಿ. ಶಾಖ ಎಲ್ಲೂ ಸೋರದಿದ್ದರೂ ಸುಮಾರು ನಲವತ್ತು ನಿಮಿಷ ಬೇಕು. ನಿಜದಲ್ಲಿ ಒಂದು ಗಂಟೆಯಾದರೂ ಹಿಡಿಯುತ್ತದೆ. ನೀವು ಬೆಳಿಗ್ಗೆ ಹೊರಟು ಎರಡು ಗಂಟೆ ಓಡಿಸಿದರೆ, ಮೊದಲ ಗಂಟೆ ಮೈ ಕಾಯಿಸುವುದಕ್ಕೇ ಹೋಯಿತು. 30 ಆಂಪಿಯರ್ ಚಾರ್ಜರ್‌ನಿಂದ 60 ಎಎಚ್ ಸಿಗಬೇಕಿದ್ದದ್ದು 30ಕ್ಕೆ ಇಳಿಯಿತು.

ಹೀಟರ್‌ಗೆ ಕರೆಂಟು ಎಲ್ಲಿಂದ ಬರುತ್ತದೆ ಎಂಬುದನ್ನೂ ಕೇಳಿ. ಒಳ್ಳೆಯವು ಚಾರ್ಜರ್‌ನಿಂದ ಬಂದ ಕರೆಂಟನ್ನು ಮೊದಲು ಹೀಟರ್‌ಗೆ ತಿರುಗಿಸುತ್ತವೆ. ಕೆಲವು ಬ್ಯಾಟರಿಯೊಳಗಿನದನ್ನೇ ಕುಡಿಯುತ್ತವೆ. 50 ವ್ಯಾಟ್ ಎಂದರೆ 4 ಆಂಪಿಯರ್. ರಾತ್ರಿಯಿಡೀ ಉರಿದರೆ ಬೆಳಿಗ್ಗೆ ಬೆಚ್ಚಗಿನ ಖಾಲಿ ಬ್ಯಾಟರಿ ಉಳಿಯುತ್ತದೆ.

[ದೃಶ್ಯ: ವ್ಯಾನಿನ ಒಳಗೆ. ಚಾಲಕನ ಸೀಟಿನ ಕೆಳಗಿನ ಪೆಟ್ಟಿಗೆ ತೆರೆಯುವುದು.]

ನನ್ನ ಪ್ರಕಾರ ಮೊದಲ ಪ್ರಶ್ನೆ ಬ್ಯಾಟರಿಯ ಬ್ರ್ಯಾಂಡ್ ಅಲ್ಲ, ಅದು ಕೂರುವ ಜಾಗ. ವ್ಯಾನಿನ ಹೊಟ್ಟೆಯ ಕೆಳಗೆ ನೇತುಹಾಕಿದ ಪೆಟ್ಟಿಗೆಯೇ? ಹೊರಬಾಗಿಲಿನ ಲಾಕರೇ? ಸೀಟಿನ ಕೆಳಗೇ? ಹಳೆಯ ವ್ಯವಸ್ಥೆಯಲ್ಲಿ ಲೆಡ್ ಆಸಿಡ್ ಬ್ಯಾಟರಿ ಅನಿಲ ಬಿಡುತ್ತದೆಂದು ಅದನ್ನು ಹೊರಲಾಕರಿನಲ್ಲಿ ಇಡುತ್ತಿದ್ದರು. ಎಲ್‌ಎಫ್‌ಪಿ ಸಾಮಾನ್ಯ ಬಳಕೆಯಲ್ಲಿ ಅನಿಲ ಬಿಡುವುದಿಲ್ಲ. ಹಾಗಾಗಿ ಅದನ್ನು ನೀವು ಮಲಗುವ ಬೆಚ್ಚನೆಯ ಜಾಗದೊಳಕ್ಕೆ ತನ್ನಿ. ಫಿಯೆಟ್ ಡುಕಾಟೊದಂಥ ವ್ಯಾನ್‌ಗಳಲ್ಲಿ ಮುಂದಿನ ಸೀಟಿನ ಕೆಳಗೆ, ಇಲ್ಲವೇ ಹಿಂದಿನ ಬೆಂಚಿನ ಒಳಗೆ ಜಾಗ ಸಿಗುತ್ತದೆ. ಹೀಟರ್ ಓಡುವ ವ್ಯಾನಿನಲ್ಲಿ ನೀವು ನಡುಗದೆ ಮಲಗಿದ್ದೀರಿ ಎಂದರೆ ಬ್ಯಾಟರಿಯೂ ನಡುಗುವುದಿಲ್ಲ. ಅಂಥ ಜಾಗವಿದ್ದರೆ ಎರಡನೇ ಬಗೆಯ, ಹೀಟರ್ ಇಲ್ಲದ, ಚಾರ್ಜ್ ಕತ್ತರಿಸುವ ಬ್ಯಾಟರಿ ಧಾರಾಳವಾಗಿ ಸಾಕು. ಉಳಿದ ಹಣದಲ್ಲಿ ಒಳ್ಳೆಯ ಚಾರ್ಜರ್ ಕೊಳ್ಳಿ. ವ್ಯಾನಿನ ಕೆಳಗೆ ಬಿಟ್ಟು ಬೇರೆ ಜಾಗವೇ ಇಲ್ಲದಿದ್ದರೆ ಮಾತ್ರ ಹೀಟರ್ ಬ್ಯಾಟರಿಗೆ ದುಡ್ಡು ಕೊಡಿ.

ಬೆಂಚಿನ ಒಳಗಿಟ್ಟು ಸುತ್ತ ಥರ್ಮಾಕೋಲ್ ತುಂಬಿಸುವವರಿಗೆ ಒಂದು ಕಿವಿಮಾತು: ಹೊರಗಿನ ಗೋಡೆಯ ಕಡೆ, ನೆಲದ ಕಡೆ ತುಂಬಿಸಿ, ಕೋಣೆಯ ಕಡೆ ಬಿಡಿ. ಎಲ್ಲ ಕಡೆ ಮುಚ್ಚಿದರೆ ಒಳಗಿನ ಬಿಸಿ ಅದಕ್ಕೆ ತಲುಪುವುದೇ ಇಲ್ಲ. ಒಮ್ಮೆ ಹೆಪ್ಪುಗಟ್ಟುವಷ್ಟು ತಣ್ಣಗಾದ ಬ್ಯಾಟರಿ, ಕೋಣೆಯಲ್ಲಿ 20 ಡಿಗ್ರಿ ಇದ್ದರೂ ಗಂಟೆಗಟ್ಟಲೆ ಸೊನ್ನೆಯ ಕೆಳಗೇ ಉಳಿಯಬಹುದು. ಗಾಳಿಯ ಉಷ್ಣತೆ ನೋಡಿ ಮೋಸಹೋಗಬೇಡಿ.

[ದೃಶ್ಯ: ಮಧ್ಯಾಹ್ನದ ಕತ್ತಲು. ವ್ಯಾನಿನ ಕಿಟಕಿಯಲ್ಲಿ ದೀಪ.]

ಎಷ್ಟು ಎಎಚ್ ಬೇಕು? ಕೇರ್ನ್‌ಗಾರ್ಮ್ಸ್ ತಪ್ಪಲಿನ ಏವಿಮೋರ್ ಕಡೆ ಡಿಸೆಂಬರ್ ಕೊನೆಯಲ್ಲಿ ಸೂರ್ಯ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹುಟ್ಟಿ ಮೂರೂವರೆಗೆಲ್ಲ ಮುಳುಗುತ್ತಾನೆ. ಹದಿನೇಳು ಗಂಟೆ ಕತ್ತಲು. ಡೀಸೆಲ್ ಹೀಟರ್ ಉರಿಯುವುದು ಡೀಸೆಲ್‌ನಿಂದಲೇ ಆದರೂ ಅದರ ಫ್ಯಾನ್, ಪಂಪ್‌ಗೆ ಗಂಟೆಗೆ ಒಂದೂವರೆ ಎಎಚ್ ಹಿಡಿಯಿರಿ. ಅದೇ 25 ಆಯಿತು. ಹೊತ್ತಿಕೊಳ್ಳುವಾಗ ಕೆಲವು ನಿಮಿಷ 8ರಿಂದ 10 ಆಂಪಿಯರ್ ಎಳೆಯುತ್ತದೆ, ದಣಿದ ಹಳೆಯ ಬ್ಯಾಟರಿಯಲ್ಲಿ ಹೀಟರ್ ಕೈಕೊಡುವುದು ಆ ಹೊತ್ತಿನಲ್ಲೇ. ಫ್ರಿಜ್‌ಗೆ ಚಳಿಯಲ್ಲಿ ಹತ್ತು ಸಾಕು. ದೀಪ, ಫೋನ್, ಲ್ಯಾಪ್‌ಟಾಪ್ ಸೇರಿ ಹದಿನೆಂಟು. ಇನ್ವರ್ಟರನ್ನು ಆಫ್ ಮಾಡದೆ ಬಿಟ್ಟರೆ, ಏನೂ ಕೆಲಸ ಮಾಡದೆಯೂ ಗಂಟೆಗೆ ಒಂದರಂತೆ ರಾತ್ರಿಯಿಡೀ ನುಂಗುತ್ತದೆ. ಹೀಗೆ ಎಪ್ಪತ್ತರ ಹತ್ತಿರ ಬಂತು. ದಿನವೂ ಊರಿಂದೂರಿಗೆ ಓಡಿಸುವವರಿಗೆ 100 ಎಎಚ್ ಸಾಕು. ಒಂದೇ ಕಡೆ ಎರಡು ರಾತ್ರಿ ನಿಲ್ಲುವವರಿಗೆ 200 ಬೇಕು.

ದೋಸೆಗೆ ಇಂಡಕ್ಷನ್ ಒಲೆ ಇಟ್ಟುಕೊಳ್ಳುತ್ತೇವೆ ಎನ್ನುವವರು ಎಎಚ್ ನೋಡಿದರೆ ಸಾಲದು, ಬಿಎಂಎಸ್ ಎಷ್ಟು ಆಂಪಿಯರ್ ಬಿಡುತ್ತದೆ ಎಂದೂ ನೋಡಬೇಕು. 100 ಆಂಪಿಯರ್ ಮಿತಿ ಎಂದರೆ ಸುಮಾರು 1,200 ವ್ಯಾಟ್. 1,800 ವ್ಯಾಟ್ ಒಲೆ ಹಚ್ಚಿದರೆ ಬಿಎಂಎಸ್ ಎಲ್ಲವನ್ನೂ ಆರಿಸಿಬಿಡುತ್ತದೆ, ಹೀಟರ್ ಸಮೇತ. ಗ್ಯಾಸ್ ಒಲೆಯೇ ವಾಸಿ. ಆದರೆ ಬ್ಯೂಟೇನ್ ಸಿಲಿಂಡರ್ -0.5 ಡಿಗ್ರಿಯ ಕೆಳಗೆ ಅನಿಲವಾಗಲು ಒಲ್ಲೆನ್ನುತ್ತದೆ, ಪ್ರೊಪೇನ್ ಇರಲಿ.

ಚಾರ್ಜ್ ಮಾಡುವ ದಾರಿಗಳಲ್ಲಿ ಸೋಲಾರನ್ನು ಮರೆತುಬಿಡಿ. ಉತ್ತರ ಸ್ಕಾಟ್ಲೆಂಡಿನ ಡಿಸೆಂಬರಿನಲ್ಲಿ ಜೂನ್ ತಿಂಗಳ ಹತ್ತರಲ್ಲೊಂದು ಪಾಲು ಬಿಸಿಲೂ ಸಿಗುವುದಿಲ್ಲ, ಫಲಕದ ಮೇಲೆ ಹಿಮ ಬಿದ್ದರೆ ಅದೂ ಇಲ್ಲ. ನೆಚ್ಚಬಹುದಾದದ್ದು ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಯಂತ್ರ. ಆದರೆ ಲಿಥಿಯಂಗೆ ಹಸಿವು ಹೆಚ್ಚು, ನೇರವಾಗಿ ಜೋಡಿಸಿದರೆ ಎಷ್ಟು ಕೊಟ್ಟರೂ ಎಳೆದುಕೊಂಡು ಆಲ್ಟರ್ನೇಟರನ್ನೇ ಕಾಯಿಸಿ ಕೆಡಿಸಬಲ್ಲದು. ನಡುವೆ ಕರೆಂಟನ್ನು ಹತೋಟಿಯಲ್ಲಿಟ್ಟು ಬ್ಯಾಟರಿಗೆ ಕೊಡುವ ಡಿಸಿ-ಡಿಸಿ ಚಾರ್ಜರ್ ಇರಲೇಬೇಕು. ಯೂರೋ 6 ಎಂಬ ಹೊಗೆ ನಿಯಮಕ್ಕೆ ಒಳಪಟ್ಟ ವ್ಯಾನ್‌ಗಳ ಆಲ್ಟರ್ನೇಟರ್ ತನಗೆ ಬೇಕೆಂದಾಗ ವೋಲ್ಟೇಜ್ ಇಳಿಸುತ್ತದೆ, ಅಲ್ಲಿಯಂತೂ ಇದಿಲ್ಲದೆ ಕೆಲಸ ಆಗುವುದಿಲ್ಲ.

ಹಳೆಯ ಚಾರ್ಜರನ್ನು ಉಳಿಸಿಕೊಂಡವರು ಒಂದು ಸೆಟ್ಟಿಂಗ್ ನೋಡಲೇಬೇಕು. ಲೆಡ್ ಆಸಿಡ್‌ಗೆಂದು ಮಾಡಿದ ಉತ್ತಮ ಚಾರ್ಜರ್‌ಗಳು ಚಳಿ ಹೆಚ್ಚಿದಂತೆ ವೋಲ್ಟೇಜನ್ನು ತಾವಾಗಿ ಏರಿಸುತ್ತವೆ. 14.4 ಇರಬೇಕಾದದ್ದು ಮೈನಸ್ ಚಳಿಯಲ್ಲಿ 15 ದಾಟಬಹುದು. ಲಿಥಿಯಂಗೆ 14.6 ಮೇಲ್ಮಿತಿ. ಈ ತಾಪಮಾನ ಹೊಂದಾಣಿಕೆಯನ್ನು ಆಫ್ ಮಾಡಿ; ಆಫ್ ಮಾಡಲು ಬಾರದ ಚಾರ್ಜರ್ ಆದರೆ ಅದನ್ನೇ ಬದಲಿಸಿ.

[ದೃಶ್ಯ: ಮನೆಯ ಮುಂದೆ ನಿಂತ ವ್ಯಾನ್. ಕೈಯೊಂದು ಕೆಂಪು ಐಸೊಲೇಟರ್ ಸ್ವಿಚ್ ತಿರುಗಿಸುವುದು.]

ಇನ್ನು ಪ್ರವಾಸ ಮುಗಿದು ವ್ಯಾನ್ ಮನೆಯ ಮುಂದೆ ವಾರಗಟ್ಟಲೆ ನಿಂತಾಗ. ಯಾರೂ ಇಲ್ಲದ, ಹೀಟರ್ ಓಡದ ವ್ಯಾನಿನಲ್ಲಿ ಬ್ಯಾಟರಿ ನಿಜವಾಗಿ ತಣ್ಣಗಾಗುವುದು ಆಗಲೇ. ಬೆಳಗಿನ ಎಳೆಬಿಸಿಲಿಗೆ ಸೋಲಾರ್ ಫಲಕ ಎಚ್ಚೆತ್ತು, -3 ಡಿಗ್ರಿಯ ಸೆಲ್‌ಗೆ ಚಾರ್ಜ್ ತಳ್ಳಲು ನೋಡುತ್ತದೆ. ಬಿಎಂಎಸ್ ತಡೆಯುತ್ತದೆ ನಿಜ, ದಿನವೂ ಅದರ ತಾಳ್ಮೆ ಪರೀಕ್ಷಿಸುವುದೇಕೆ? ಅರ್ಧದಷ್ಟು ಚಾರ್ಜ್ ಉಳಿಸಿ, ಮೊದಲು ಸೋಲಾರ್ ತಂತಿ ಬಿಡಿಸಿ, ಆಮೇಲೆ ಐಸೊಲೇಟರ್, ಅಂದರೆ ಬ್ಯಾಟರಿಯ ಸಂಪರ್ಕ ಕಡಿಯುವ ಸ್ವಿಚ್, ಆಫ್ ಮಾಡಿ. ಪೂರ್ತಿ ಖಾಲಿಯಾಗಲು ಬಿಟ್ಟರೆ ಬಿಎಂಎಸ್ ನಿದ್ದೆಗೆ ಜಾರುತ್ತದೆ, ಆಮೇಲೆ ಕೆಲವು ಚಾರ್ಜರ್‌ಗಳಿಗೆ ಅದನ್ನು ಎಬ್ಬಿಸಲು ಬರುವುದಿಲ್ಲ.